ಗಂಗವ್ವನ ದ್ವೀಪ

ನಾಲ್ಕೂ ಮುಕ್ಕಾಲಿಗೆ ಎದ್ದು ಡಿಶ್‌ವಾಷರಿನ ಬಾಗಿಲನ್ನು ಸದ್ದಾಗದಂತೆ ತೆಗೆದು, ತಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸಬೇಕು. ಮಗಳ ಕೂಸಿನ ಬಾಟಲಿಗಳನ್ನು ಕುದಿಸಬೇಕು. ಅಡುಗೆಮನೆಯ ಕಿಟಕಿ ತೆರೆದು, ಹಜಾರದ ಸ್ಮೋಕ್ ಅಲಾರ್ಮಿಗೆ ಶವರ್ ಕ್ಯಾಪು ತೊಡಿಸಬೇಕು. ಇಲ್ಲದಿದ್ದರೆ ಮೊದಲ ರೊಟ್ಟಿ ಉಬ್ಬುವ ಮುಂಚೆಯೇ ಹೊಗೆಗೆ ಅದು ಕೂಗಿ ಮನೆಯನ್ನೆಲ್ಲ ಎಬ್ಬಿಸುತ್ತದೆ. ಹನ್ನೆರಡು ಜೋಳದ ರೊಟ್ಟಿ. ಮೊಮ್ಮಗಳು ಇಂಚರಳ ಡಬ್ಬಿಗೆ ಪಾಸ್ತಾ. ಮೌಂಟನ್ ವ್ಯೂದ ಆಫೀಸಿಗೆ ಹೊರಡುವ ಅಳಿಯ ನವೀನನಿಗೆ ಸಕ್ಕರೆಯಿಲ್ಲದ ಚಹಾ. ಗಂಡ ಕುಬೇರಪ್ಪನಿಗೆ ಬಿಸಿನೀರು ಮತ್ತು ಬಿ.ಪಿ. ಮಾತ್ರೆ; ಮಾತ್ರೆಯನ್ನು ಹಾಳೆಯಿಂದ ಬಿಡಿಸಿಯೇ ಇಡಬೇಕು. ಗುರುವಾರವಾದರೆ ಕಸದ ಡಬ್ಬಿಗಳನ್ನು ರಸ್ತೆಯ ಅಂಚಿಗೆ ಉರುಳಿಸಬೇಕು. ಡ್ರೈಯರಿನ ಬಟ್ಟೆ ಮಡಚಿ, ಕೂಸಿನ ಕಾಲುಚೀಲಗಳಿಗೆ ಜೋಡಿ ಹುಡುಕುವ ಹೊತ್ತಿಗೆ ಬೆರ್ರಿಯೆಸಾ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬರುತ್ತದೆ, ಗುಡ್ಡಗಳ ಹಿಂದೆ ಬೆಳಕು ಹರಿಯುತ್ತದೆ.

ಮಗಳ ಮನೆಗೆಂದು ಪರದೇಶಕ್ಕೆ ಬಂದಿರುವ ನೀಲವ್ವನಿಗೆ ಅರವತ್ತೆರಡು. ‘ಅವ್ವ ನಮ್ ಜೊತೆ ಆರಾಮಾಗಿದ್ದಾಳೆ’ ಎಂದು ಮಗಳು ನಿವೇದಿತಾ ಗೆಳತಿಯರಿಗೆ ಹೇಳುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ. ಭಾನುವಾರ ಸಂಜೆ ನವೀನ ನಾಲ್ಕು ಪಾತ್ರೆ ತೊಳೆಯುತ್ತಾನೆ. ಆಗ ಕುಬೇರಪ್ಪ ಸೋಫಾದಿಂದಲೇ, “ಇಂಥ ಅಳಿಯ ಸಿಗಬೇಕಂದ್ರ ಪುಣ್ಯ ಮಾಡಿರಬೇಕು” ಎನ್ನುತ್ತಾನೆ. ಉಳಿದ ಆರು ದಿನದ ಪಾತ್ರೆಗಳ ಪುಣ್ಯ ಯಾರದೆಂದು ಯಾರೂ ಕೇಳಿಲ್ಲ.

ಏಪ್ರಿಲ್ಲಿನಲ್ಲಿ ನಿವೇದಿತಾಳಿಗೆ ಕೊರಿಯಾದ ಸೋಲ್ ನಗರದಲ್ಲಿ ಒಂದು ವಾರದ ಮೀಟಿಂಗು ಬಂತು. ಇಂಚರಳಿಗೆ ಶಾಲೆ ರಜೆ. ಹನ್ನೆರಡರ ಆ ಹುಡುಗಿ ವಿಡಿಯೋ ನೋಡಿಯೇ ಕೊರಿಯನ್ ಅಕ್ಷರ ಕಲಿತವಳು. ಎಲ್ಲರೂ ಹೋಗೋಣವೆಂದಾಯಿತು.

“ಅವ್ವಾ, ಇದು ನಿನಗೂ ವೆಕೇಶನ್ನು. ಒಂದು ರೊಟ್ಟಿನೂ ಬಡೀಬೇಡ,” ಎಂದಳು ನಿವೇದಿತಾ. ಎರಡು ನಿಮಿಷ ಬಿಟ್ಟು, “ಕೂಸು ಅಲ್ಲಿ ಏನೂ ತಿನ್ನಲ್ಲ. ರಾಗಿ ಹಿಟ್ಟು ಹುರಿದು ಪ್ಯಾಕ್ ಮಾಡ್ಕೊಂಡ್ಬಿಡು.”

ಕುಬೇರಪ್ಪ ಗಂಗಾವತಿಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ಮಾಸ್ತರ. ಕೊನೆಯ ದಿನ ಗೈಡಿನ ಜೊತೆ ಒಂದು ದ್ವೀಪ ನೋಡಿ ಬರಬೇಕೆಂದು ಅವನೇ ಹಟ ಹಿಡಿದ.

“ಗಾಂಗ್‌ಹ್ವಾ ಅಂತ. ಭಾಳ ಹಳೇ ಜಾಗ.”

“ಗಂಗವ್ವಾ? ಯಾರ ಮಗಳಂತ?” ಎಂದಳು ನೀಲವ್ವ, ರಾಗಿ ಹುರಿಯುತ್ತ.

“ದ್ವೀಪದ ಹೆಸರಲೇ ಅದು!”

“ಇರಲಿ ಬಿಡ್ರಿ. ಹೆಣ್ಮಗಳ ಹೆಸರಿಟ್ಕೊಂಡೈತಿ ಅಂದ್ರ ಚೊಲೋನ ಇರತೈತಿ.”

ಆ ದಿನದಿಂದ ಮನೆಯವರೆಲ್ಲರ ಬಾಯಲ್ಲೂ ಅದು ಗಂಗವ್ವನ ದ್ವೀಪವಾಯಿತು.

ಶನಿವಾರ ಬೆಳಿಗ್ಗೆ ಬಸ್ಸು ಸೇತುವೆ ದಾಟಿ ದ್ವೀಪ ಸೇರಿತು. ಕುಬೇರಪ್ಪ ಗೈಡಿನ ಹಿಂದಿನ ಸೀಟು ಹಿಡಿದಿದ್ದ. ನೀಲವ್ವ ಹಿಂದುಗಡೆ, ತೊಡೆಯ ಮೇಲೆ ಹತ್ತು ತಿಂಗಳ ಕೂಸು, ಕಾಲ ಬಳಿ ಕೂಸಿನ ಚೀಲ. ಮೊದಲು ಸಮುದ್ರದ ಅಂಚಿನ ಕೋಟೆ. ಕೂಸು ಆಗಷ್ಟೇ ಮಲಗಿತ್ತು. ನೀಲವ್ವ ಬಸ್ಸಿನಲ್ಲೇ ಉಳಿದಳು. ಆಮೇಲೆ ಹಳೆಯ ಅರಮನೆಯಿದ್ದ ಜಾಗ. ಅಲ್ಲಿ ಡೈಪರ್ ಬದಲಿಸುವುದಿತ್ತು. ಬಟ್ಟೆ ಬದಲಾಯಿಸಿ, ಗಂಜಿ ತಿನ್ನಿಸಿ ಮುಗಿಸುವಾಗ ಎಲ್ಲರೂ ಮರಳಿ ಬಸ್ಸು ಹತ್ತುತ್ತಿದ್ದರು. ನಿವೇದಿತಾ ಫೋನಿನಲ್ಲಿ ಫೋಟೋ ತೋರಿಸಿದಳು. “ಚೊಲೋ ಐತಿ,” ಎಂದಳು ನೀಲವ್ವ. ಅವಳಿಗೇನೂ ಬೇಸರವಿರಲಿಲ್ಲ. ಅರಮನೆ ನೋಡಬೇಕೆಂದು ಅವಳು ಬಂದವಳಲ್ಲ.

ಮುಂದಿನ ನಿಲ್ದಾಣ ಬರುವ ಮೊದಲು ಗೈಡು, ನೀಲವ್ವನಷ್ಟೇ ವಯಸ್ಸಿನ ಹೆಂಗಸು, ಒಂದು ದೊಡ್ಡ ಚಿತ್ರವನ್ನು ಎತ್ತಿ ಹಿಡಿದಳು. ನಿಲ್ಲಿಸಿದ ಎರಡು ಬಂಡೆ, ಮೇಲೊಂದು ಅಗಲವಾದ ಹಾಸುಬಂಡೆ.

“ಅಯ್ಯ, ಮೋರೇರ ಮನಿ!” ನೀಲವ್ವ ಎಷ್ಟು ಜೋರಾಗಿ ಅಂದಳೆಂದರೆ ಕೂಸು ಬೆಚ್ಚಿತು.

ಮುಂದಿನಿಂದ ಕುಬೇರಪ್ಪ ತಿರುಗಿದ. “ಮನಿ ಅಲ್ಲಲೇ, ಗೋರಿ. ನಲವತ್ತೈದು ವರ್ಷಾತು ಹೇಳಾಕತ್ತು.”

“ಸತ್ತವರ ಮನಿನೂ ಮನೀನ ಅಲ್ಲೇನ್ರಿ, ಮಾಸ್ತರ್ರ?”

ಅವಳ ತವರು ಹಿರೇಬೆಣಕಲ್ಲು. ಊರ ಹಿಂದಿನ ಗುಡ್ಡದ ತುಂಬ ಇಂಥವೇ ಕಲ್ಲಿನ ಮನೆಗಳು. ಮೂರಡಿ ಎತ್ತರದ ಮೋರೇರು ಎಂಬ ಜನ ಅಲ್ಲಿ ಬಾಳಿದ್ದರೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಆಡು ಕಾಯಲು ಹೋದ ಹುಡುಗಿಯರು ಬಿಸಿಲೇರಿದಾಗ ಅವುಗಳೊಳಗೆ ನುಸುಳುತ್ತಿದ್ದರು. ಒಳಗೆ ಒಲೆಯಿಲ್ಲ, ಬಾನಿಯಿಲ್ಲ, ಕಸ ಗುಡಿಸಬೇಕಾದ ಮೂಲೆಯಿಲ್ಲ. ಬೇರೆಲ್ಲ ಕಡೆ ಅಡುಗೆಯಾಟ ಆಡುತ್ತಿದ್ದ ಹುಡುಗಿಯರು ಅಲ್ಲಿ ಮಾತ್ರ ಆಡುತ್ತಿರಲಿಲ್ಲ. ತಣ್ಣನೆಯ ನೆಲದ ಮೇಲೆ ಸುಮ್ಮನೆ ಮಲಗುತ್ತಿದ್ದರು. ಯಾರೂ ಕೆಲಸಕ್ಕೆ ಕೂಗದ ಜಾಗದಲ್ಲಿ ನೀಲವ್ವ ಮಲಗಿದ್ದು ಆಗ ಮಾತ್ರ. ಹದಿನೇಳಕ್ಕೆ ಮದುವೆಯಾದ ಮೇಲೆ ಆ ಗುಡ್ಡ ಹತ್ತಿರಲಿಲ್ಲ.

“ಅಜ್ಜಿ, ಆ ಟಾಪ್ ಸ್ಟೋನು ಫಿಫ್ಟಿ ಟನ್ಸ್ ಅಂತೆ,” ಎಂದಳು ಇಂಚರ. “ಫೈವ್ ಹಂಡ್ರೆಡ್ ಮೆನ್ ಪುಲ್ಡ್ ಇಟ್.”

“ಐನೂರು ಮಂದಿಗೆ ರೊಟ್ಟಿ ಬಡದಾಕಿ ಯಾರಂತ ಕೇಳವ್ವ.”

ಇಂಚರ ಇಂಗ್ಲಿಷಿನಲ್ಲಿ ಅದನ್ನು ಮೊಟಕು ಮಾಡಿ ಕೇಳಿದಳು. ಗೈಡು ಗಡಿಯಾರ ತೋರಿಸಿ ನಗುತ್ತ ಏನೋ ಹೇಳಿದಳು.

“ಲಂಚ್ ಒನ್ ಥರ್ಟಿಗೆ ಅಂತೆ, ಅಜ್ಜಿ. ನೂಡಲ್ಸ್.”

ಎಲ್ಲರಿಗಿಂತ ಜೋರಾಗಿ ಕುಬೇರಪ್ಪ ನಕ್ಕ.

ಬಸ್ಸು ನಿಂತಿತು. ಇಪ್ಪತ್ತು ನಿಮಿಷ, ಎಂದಳು ಗೈಡು. ಕಿಟಕಿಯಿಂದಲೇ ಕಾಣುತ್ತಿತ್ತು: ಬಯಲು ಹುಲ್ಲು, ನಡುವೆ ಆ ಕಲ್ಲು. ಕೂಸು ಮತ್ತೆ ನಿದ್ದೆಹೋಗಿತ್ತು. ನಿವೇದಿತಾ ಬಂದು ಅವ್ವನ ಕಾಲಿನ ಮೇಲೆ ಶಾಲು ಹೊದಿಸಿದಳು. ವಾರವಿಡೀ ಮೀಟಿಂಗು ಮಾಡಿ ಅವಳ ಕಣ್ಣ ಕೆಳಗೂ ಕಪ್ಪಾಗಿತ್ತು.

“ಎಬ್ಬಿಸ್ಬೇಡ ಅವ್ವಾ, ಈಗಷ್ಟೇ ಮಲಗಿದೆ. ನಿನಗೆ ಹತ್ತಿರದಿಂದ ಫೋಟೋ ತೆಗೊಂಡ್ ಬರ್ತೀನಿ.”

“ಹೂಂ,” ಎಂದಳು ನೀಲವ್ವ. ಆದರೆ ಇದೊಂದನ್ನು ಫೋಟೋದಲ್ಲಿ ನೋಡುವುದು ಅವಳಿಗೆ ಬೇಡವಾಗಿತ್ತು.

ಎಲ್ಲರೂ ಇಳಿದರು. ಕುಬೇರಪ್ಪ ಮಾತ್ರ ಇಳಿಯಲಿಲ್ಲ. ಕೋಟೆಯ ಮೆಟ್ಟಿಲು ಹತ್ತಿ ಅವನ ಮೊಣಕಾಲು ಹಿಡಿದಿತ್ತು. ಬೂಟು ಕಳಚಿ, ಎದುರು ಸೀಟಿಗೆ ಕಾಲು ಚಾಚಿ, “ಅದನ್ನ ಪುಸ್ತಕದಾಗ ನೋಡೀನಿ ಬಿಡು,” ಎಂದು ಕಣ್ಣು ಮುಚ್ಚಿದ.

ನೀಲವ್ವ ಗಂಡನನ್ನು ನೋಡಿದಳು. ಕಿಟಕಿ ನೋಡಿದಳು. ಎದ್ದು ಮುಂದೆ ಬಂದು ಕೂಸನ್ನು ಅವನ ತೊಡೆಯ ಮೇಲಿಟ್ಟಳು.

“ಏನಲೇ ಇದು?”

“ಕೂಸ್ರಿ.”

“ಎದ್ದು ಅತ್ರ?”

“ಎತ್ಕೋರಿ.”

ಹೊರಗೆ ತಣ್ಣನೆ ಗಾಳಿ. ಸೀರೆಯ ಕೆಳಗೆ ಬೂಟು ಹಾಕಿದ ನೀಲವ್ವ ಹುಲ್ಲಿನ ಮೇಲೆ ಬೇಗಬೇಗ ನಡೆದಳು. ಎದುರು ಸಿಕ್ಕ ನಿವೇದಿತಾ ಗಾಬರಿಯಾದಳು. “ಅವ್ವಾ! ಕೂಸೆಲ್ಲಿ?”

“ನಿಮ್ಮಪ್ಪನ ಕಡೆ.”

“ಅಪ್ಪನ ಹತ್ರನಾ!” ಎಂದು ಅವಳು ನಗುತ್ತ, ಅರ್ಧ ಓಡುತ್ತ ಬಸ್ಸಿನ ಕಡೆ ಹೊರಟಳು.

ಕಲ್ಲಿನ ಸುತ್ತ ತಗ್ಗಾದ ಬೇಲಿಯಿತ್ತು, ಒಳಗೆ ಹೋಗುವಂತಿರಲಿಲ್ಲ. ನೀಲವ್ವ ಬೇಲಿಯ ಈಚೆ ಹುಲ್ಲಿನ ಮೇಲೆ ಕೂತಳು. ಹಾಸುಬಂಡೆಯ ಕೆಳಗೆ ಅದೇ ನೆರಳು, ಹಿರೇಬೆಣಕಲ್ಲಿನದೇ. ಇಲ್ಲೂ ಒಲೆಯಿಲ್ಲ. ಈ ಗಂಗವ್ವನ ಊರಿನಲ್ಲೂ ಆಡು ಕಾಯುವ ಹುಡುಗಿಯರು ಬಿಸಿಲಿಗೆ ಇದರೊಳಗೆ ನುಸುಳಿರಬೇಕು, ಒಬ್ಬರ ತೋಳಿನ ಮೇಲೆ ಒಬ್ಬರು ತಲೆಯಿಟ್ಟು ಮಲಗಿರಬೇಕು.

ಗೈಡು ಹಳದಿ ಬಾವುಟ ಎತ್ತಿದಳು. ಜನ ಬಸ್ಸಿನತ್ತ ತಿರುಗಿದರು. ಆಗ ಅಳು ಕೇಳಿಸಿತು. ಅದರ ಹಿಂದೆಯೇ, ಕೂಸನ್ನು ಮಗಳ ಕೈಗೆ ಕೊಟ್ಟು ಬಸ್ಸಿನ ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ ನಿಂತ ಕುಬೇರಪ್ಪನ ದನಿ:

“ನೀಲಾ! ಎದ್ದೈತಿ! ಬಾಟ್ಲಿ ಎಲ್ಲೈತಿ?”

ನೀಲವ್ವನ ಮೊಣಕಾಲು ತಾನಾಗಿಯೇ ಮಡಚಿಕೊಂಡು ಏಳಲು ಸಿದ್ಧವಾಯಿತು. ಬೆರ್ರಿಯೆಸಾದಲ್ಲಾಗಿದ್ದರೆ ಈ ಅಳುವಿಗೆ ಅವಳು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದಳು.

“ಚೀಲದ ಎಡಗಡೆ ಜೇಬಿನಾಗ!” ಎಂದು ಕೂಗಿ ಹೇಳಿದಳು.

ಡ್ರೈವರು ಹಾರ್ನು ಒತ್ತಿದ. ಬಾಟಲಿ ಸಿಕ್ಕಿತೆಂದು ಕಾಣುತ್ತದೆ, ಅಳು ನಿಂತಿತು. ಆದರೂ ಎಲ್ಲರೂ ಅವಳತ್ತಲೇ ನೋಡುತ್ತಿದ್ದರು. ನೀಲವ್ವ ಬೂಟುಗಳನ್ನು ಬಿಚ್ಚಿ ಜೋಡಿಯಾಗಿ ಪಕ್ಕಕ್ಕಿಟ್ಟಳು. ಬಲತೋಳನ್ನು ತಲೆಯ ಕೆಳಗೆ ಮಡಚಿ, ಕಲ್ಲಿನ ಮನೆಯ ಕಡೆ ಮುಖ ಮಾಡಿ, ಹುಲ್ಲಿನ ಮೇಲೆ ಮಲಗಿದಳು.