ಮಣಿಕಟ್ಟು ಹಿಡಿದು ಎಳೆದವನು

2005ರ ಜನವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗವಿಸಿದ್ದೇಶ ಹರಪನಹಳ್ಳಿಯ ಕಲ್ಯಾಣ ಮಂಟಪವೊಂದರ ಪಾತ್ರೆ ಕೋಣೆಯಲ್ಲಿ, ಅನ್ನದ ಕೊಪ್ಪರಿಗೆಗಳ ನಡುವೆ, ಕಿವಿಗೆ ಹತ್ತಿ ತುರುಕಿಕೊಂಡು ಕುಳಿತಿದ್ದ. ಹೊರಗೆ ಸಭಾಂಗಣದಲ್ಲಿ ಕಿರುಚಿತ್ರಗಳ ಪ್ರದರ್ಶನಕ್ಕೆ ಪರದೆ ಕಟ್ಟುತ್ತಿದ್ದರು. ಅವುಗಳಲ್ಲಿ ಒಂದು ಅವನು ಹಾಳೆ ಹಾಳೆಯಾಗಿ ಚಿತ್ರ ಬರೆದು ಮಾಡಿದ ಕಾರ್ಟೂನು. ಮೈಕು ಒಮ್ಮೆ ಕೀರಲಿಟ್ಟದ್ದೇ ತಡ, ಎದ್ದು ಬಂದು ಈ ಕೋಣೆ ಸೇರಿದ್ದ.

"ನೀ ಹೋಗಿ ನೋಡು. ನಾ ಇಲ್ಲೇ ಇರ್ತೀನಿ," ಎಂದ, ಅಕ್ಕ ಅಮೃತಾಳ ಕಡೆ ನೋಡದೆ.

"ನಿನ್ನ ಸಿನಿಮಾ ನಾ ನೋಡಿ ಏನು ಹೇಳ್ಲೋ?"

"ಕೈ ಬೀಳೋದು ಸರಿ ಬಂದೈತೋ ಇಲ್ಲೋ ಹೇಳು."

ಇಪ್ಪತ್ತಾರು ವರ್ಷದ ಗವಿಸಿದ್ದೇಶ ಕೊಟ್ಟೂರಿನ ವಿಡಿಯೋ ಮಿಕ್ಸಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆ ಕ್ಯಾಸೆಟ್ಟಿನ ಆರಂಭದಲ್ಲಿ ವಧೂವರರ ಹೆಸರು ಹೊತ್ತು ಹಾರಿಬರುವ ಗಿಳಿಗಳು ಅವನ ಕೈಕೆಲಸ. ಮಿಣುಕುವ ಟ್ಯೂಬ್‌ಲೈಟನ್ನು ಅವನ ತಲೆಯ ಮೇಲೆ ಹಾಕಬಾರದು, ಅವನ ಕುರ್ಚಿಯಲ್ಲಿ ಗಿರಾಕಿಗಳನ್ನು ಕೂರಿಸಬಾರದು ಎಂಬುದನ್ನು ಮಾಲೀಕ ಸುಂಕಪ್ಪ ಮೊದಲ ವಾರದಲ್ಲೇ ಕಲಿತಿದ್ದ. ಬಸ್ಸಿನಲ್ಲಿ ಗವಿಸಿದ್ದೇಶನಿಗೆ ಎಡಗಡೆಯ ಮೊದಲ ಕಿಟಕಿಯೇ ಆಗಬೇಕು. ಅದು ಸಿಗದ ಕಾರಣ ಆ ಬೆಳಿಗ್ಗೆಯೂ ಅಕ್ಕ ತಮ್ಮ ಎರಡು ಬಸ್ಸು ಬಿಟ್ಟಿದ್ದರು. ಅವನು ಚಿತ್ರಗಳಲ್ಲಿ ಮುಖ ಬರೆಯುತ್ತಿರಲಿಲ್ಲ. "ಮುಖ ಗಳಿಗಿಗೊಂದು ಥರ ಆಗ್ತೈತಿ. ನಡಿಗಿ ಹಂಗಲ್ಲ," ಎನ್ನುತ್ತಿದ್ದ.

ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದು ದಾವಣಗೆರೆಯ ಡಾಕ್ಟರೊಬ್ಬರು 1999ರಲ್ಲಿ ಹೇಳಿದ್ದರು. ಅಲ್ಲಿಯವರೆಗೆ ಊರಿನವರು ಅವನನ್ನು ಮಂಕ ಎನ್ನುತ್ತಿದ್ದರು. ಹೊಸ ಹೆಸರು ಬಂದ ಮೇಲೆ ಅಮೃತಾಳಿಗೆ ಎಷ್ಟೋ ವಿಷಯ ಅರ್ಥವಾಯಿತು, ಒಂದನ್ನು ಬಿಟ್ಟು.

1992ರಲ್ಲಿ ಅಪ್ಪ ಗುರುಸಂಗಪ್ಪ ಹದಿಮೂರು ವರ್ಷದ ಮಗನನ್ನು ಕರೆದುಕೊಂಡು ಹರಪನಹಳ್ಳಿಗೆ ಬಂದಿದ್ದರು. ಮರಳುವ ಬಸ್ಸಿಗೆ ಕಾಯುತ್ತಾ ನಿಲ್ದಾಣದ ಬೇವಿನ ಕಟ್ಟೆಯ ಮೇಲೆ ಎದೆ ಹಿಡಿದು ಕುಳಿತವರು ಅಲ್ಲೇ ತೀರಿಕೊಂಡರು. ಯಾರೋ ಗಮನಿಸುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಹುಡುಗ ಪಕ್ಕದಲ್ಲಿ ಹಿಂದೆ ಮುಂದೆ ತೂಗುತ್ತಾ ಕುಳಿತಿದ್ದ. ಬೇಗ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದರೇನೋ ಎಂದು ಡಾಕ್ಟರು ಹೇಳಿದ ಮಾತು ಕೊಟ್ಟೂರು ತಲುಪುವಷ್ಟರಲ್ಲಿ, "ಅಪ್ಪ ಸಾಯೋದು ನೋಡ್ಕೋತ ಸುಮ್ನ ಕುಂತಿದ್ನಂತ" ಎಂದಾಗಿತ್ತು.

ಅಮೃತಾ ಅವನನ್ನು ಒಂದೇ ಸಲ ಕೇಳಿದ್ದಳು: "ಒಬ್ಬರನ್ನರ ಕೂಗಿದೇನೋ?" ಅವನು ಇಲ್ಲವೆಂದು ತಲೆಯಾಡಿಸಿದ್ದ. ಅವಳು ಮತ್ತೆ ಕೇಳಲಿಲ್ಲ. ಹದಿಮೂರು ವರ್ಷ ಅವನ ಊಟ, ಬಟ್ಟೆ, ಬಸ್ಸು, ಕೆಲಸ ಎಲ್ಲವನ್ನೂ ನೋಡಿಕೊಂಡಳು. ತಮ್ಮನ ಮೇಲೆ ಪ್ರೀತಿ ಇತ್ತು. ಕ್ಷಮಿಸಿದ್ದಾಳೋ ಇಲ್ಲವೋ ಎಂಬುದು ಮಾತ್ರ ಅವಳಿಗೇ ಗೊತ್ತಿರಲಿಲ್ಲ.

ಸಭಾಂಗಣದಲ್ಲಿ ಕಾರ್ಯಕ್ರಮದ ಉಸ್ತುವಾರಿ ಅರುಣಕುಮಾರ್ ಮೈಕು ಬಿಟ್ಟು ಬಾಯಲ್ಲೇ ಹೇಳಿದ: "ವಿಷಯ ಬಸ್ ನಿಲ್ದಾಣ. ಒಂದು ನಿಮಿಷದ ಚಿತ್ರ. ಮುಗಿದ ಮೇಲೆ ಚಪ್ಪಾಳೆ ಬೇಡ್ರಿ, ಕಲಾವಿದರಿಗೆ ಸದ್ದು ಆಗಲ್ಲ."

"ಸಿಳ್ಳೆ ಹೊಡೀಬಹುದೇನ್ರಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು. ದೀಪ ಆರಿತು.

ಪರದೆಯ ಮೇಲೆ ಬೇವಿನ ಕಟ್ಟೆ. ಮುಖವಿಲ್ಲದ ಒಬ್ಬ ಮನುಷ್ಯ ಟವೆಲು ಮಡಚಿ, ಹೆಬ್ಬೆರಳಿನಿಂದ ಮಡಿಕೆ ತೀಡಿ, ಹೆಗಲಿಗೆ ಹಾಕಿಕೊಂಡ. ಅಮೃತಾ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅದು ಅಪ್ಪ.

ಮನುಷ್ಯ ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿದ. ಪಕ್ಕದಲ್ಲಿದ್ದ ಚಿಕ್ಕ ಆಕೃತಿ ಎದ್ದು ಓಡಿತು. ಎಡಭುಜ ಇಳಿಬಿಟ್ಟು ನಡೆಯುತ್ತಿದ್ದ ಒಬ್ಬನ ಮಣಿಕಟ್ಟು ಹಿಡಿದು ಎಳೆಯಿತು.

"ಲೇ, ಕೊಟ್ರಬಸಣ್ಣನ ನಡಿಗಿ ನೋಡಲೇ. ಕೈಯಾಗ ಕೆಟ್ಲಿ ಇಲ್ದಿದ್ರೂ ಹಂಗಾ ನಡಿತಾನ," ಎಂದು ಸಭೆಯಲ್ಲಿ ಒಬ್ಬ ಕೂಗಿದ.

ಮತ್ತೆ ನಗು. ನಿಲ್ದಾಣದ ಎದುರಿನ ಚಹಾ ಹೋಟೆಲಿನ ಕೊಟ್ರಬಸಪ್ಪ, ಸಭೆಗೆ ಚಹಾ ತಂದವನು, ಬಾಗಿಲ ಬಳಿ ನಿಂತು ತಾನೂ ನಕ್ಕ. ಪರದೆಯ ಮೇಲಿನ ಅವನು ಕೈ ಕೊಡವಿಕೊಂಡು, ಹುಡುಗನಿಗೆ ಒಂದು ಬನ್ನು ಕೊಟ್ಟು ಅಟ್ಟಿದ. ಹುಡುಗ ಬನ್ನನ್ನು ವಾಲಿದವನ ಪಕ್ಕ ಇಟ್ಟು ಮತ್ತೆ ಓಡಿದ. ಸೌತೆಕಾಯಿ ಮಾರುವ ಹೆಂಗಸಿನ ಮಣಿಕಟ್ಟು ಎಳೆದ. ಅವಳು ಬುಟ್ಟಿ ಎತ್ತಿ ಆಚೆ ಇಟ್ಟುಕೊಂಡಳು. ಕಂಡಕ್ಟರನ ಮಣಿಕಟ್ಟು ಎಳೆದ. ಅವನು ಕಿವಿ ಹಿಡಿದು ಕಟ್ಟೆಯವರೆಗೂ ತಂದು ಕೂರಿಸಿ, ಪಕ್ಕದಲ್ಲಿದ್ದವನನ್ನು ನೋಡದೆ ಹೋದ.

ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಚಿಕ್ಕಂದಿನಿಂದಲೂ ಮಾತು ಹೊರಡದ ದಿನಗಳಲ್ಲಿ ಗವಿಸಿದ್ದೇಶ ನೀರು ಬೇಕಾದರೆ ಅಮೃತಾಳ ಮಣಿಕಟ್ಟು ಹಿಡಿದು ಕೊಡದ ಹತ್ತಿರ ಎಳೆದೊಯ್ಯುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಮನೆಯವರಿಗೆ ಅದು ಮಾತೇ ಆಗಿತ್ತು. ಬಸ್ ನಿಲ್ದಾಣದಲ್ಲಿ ಅದನ್ನು ಬಲ್ಲವರು ಯಾರಿದ್ದರು?

ಕೊನೆಗೆ ಹುಡುಗ ವಾಲಿದವನದೇ ಮಣಿಕಟ್ಟು ಹಿಡಿದು ಎಳೆದ. ಕೈ ಅವನೊಂದಿಗೆ ಸ್ವಲ್ಪ ದೂರ ಬಂತು. ಆಮೇಲೆ ಬಿತ್ತು. ಪರದೆ ಬೆಳ್ಳಗಾಯಿತು.

ದೀಪ ಹತ್ತಿದಾಗ ಚಪ್ಪಾಳೆ ಬೇಡವೆಂದು ನೆನಪಿಸುವ ಅಗತ್ಯ ಬೀಳಲಿಲ್ಲ. ಕೊಟ್ರಬಸಪ್ಪ ಕೆಟ್ಲಿಯನ್ನು ನೆಲಕ್ಕಿಟ್ಟು ಅಮೃತಾಳ ಹತ್ತಿರ ಬಂದ.

"ಹಸ್ಕೊಂಡು ಬಂದಾನ ಅಂದ್ಕೊಂಡಿದ್ನಮ್ಮ. ಅದಕ್ಕ ಬನ್ನು ಕೊಟ್ಟಿದ್ದು. ಆ ಕಟ್ಟಿ ನನ್ನ ಹೋಟ್ಲು ಎದುರಿಗೇ ಐತಿ. ಎದುರಿಗೇ."

ಅಮೃತಾ ಪಾತ್ರೆ ಕೋಣೆಗೆ ನಡೆದಳು.

"ಕೈ ಸರಿ ಬಂತೇನು?" ಗವಿಸಿದ್ದೇಶ ಕೇಳಿದ. "ಬೀಳೋ ಮುಂದ ಎರಡು ಹಾಳಿ ಜಾಸ್ತಿ ಬರ್ದೀನಿ. ಇಲ್ಲಂದ್ರ ಲಗೂನ ಬೀಳತಿತ್ತು."

"ಸರಿ ಬಂತು." ಅವಳು ಅವನೆದುರು ನೆಲಕ್ಕೆ ಕುಳಿತಳು. "ಗವಿ, ಆವಾಗ ನನಗ್ಯಾಕ ಹೇಳ್ಲಿಲ್ಲೋ?"

"ಕೂಗಿದೇನು ಅಂತ ಕೇಳಿದ್ದಿ. ನಾ ಕೂಗಿರಲಿಲ್ಲ."

ಅವಳು ಕೇಳಿದ್ದು ಅದನ್ನೇ. ಅವನು ಕೊಟ್ಟದ್ದು ನಿಜವಾದ ಉತ್ತರವೇ. ಹದಿಮೂರು ವರ್ಷ ಅವಳು ತಮ್ಮನನ್ನು ತೂಗಿದ್ದು ತನ್ನದೇ ಪ್ರಶ್ನೆಯ ತಕ್ಕಡಿಯಲ್ಲಿ.

"ಮೂರು ಮಂದಿ," ಎಂದಳು. "ಮೂರು ಮಂದ್ಯಾಗ ಒಬ್ಬರೂ ತಿರುಗಿ ನೋಡ್ಲಿಲ್ಲಲ್ಲೋ."

"ಮೂರಲ್ಲ. ಒಂದು ನಿಮಿಷದಾಗ ಮೂರೇ ಹಿಡಿಸಿದ್ದು."

"ಮತ್ತ ಎಷ್ಟು ಮಂದಿ ಕೈ ಎಳ್ದಿದ್ದಿ?"

ಗವಿಸಿದ್ದೇಶ ಕಿವಿಯ ಹತ್ತಿ ತೆಗೆದು, ಉಂಡೆ ಮಾಡಿ, ಜೇಬಿಗೆ ಹಾಕಿಕೊಂಡ.

"ಹನ್ನೊಂದು."