ಮೂವತ್ತೇಳನೆಯ ಗಡಿಯಾರ

ನನ್ನ ಕೈಗಡಿಯಾರ ಎರಡು ದಿನಕ್ಕೊಮ್ಮೆ ನಿಂತುಹೋಗುತ್ತಿತ್ತು. ನಿವೃತ್ತ ಕನ್ನಡ ಮೇಷ್ಟರ ಗಡಿಯಾರ ನಿಂತರೆ ಮುಳಬಾಗಿಲಿನಿಂದ ಹೊರಡುವ ಯಾವ ಬಸ್ಸೂ ತಡವಾಗುವುದಿಲ್ಲ, ಬಲ್ಲೆ. ಆದರೆ ಇದು ಅಂತಿಂಥ ಗಡಿಯಾರವಲ್ಲ. ಜಗತ್ತಿನಲ್ಲಿ ಇಂಥವು ನೂರೇ ನೂರು. ನನ್ನದರ ಬೆನ್ನ ಮೇಲೆ ಮೂವತ್ತೇಳು ಎಂಬ ಸಂಖ್ಯೆಯನ್ನು ಕೆತ್ತಿದ್ದಾರೆ. ಜೀವಮಾನದಲ್ಲಿ ಯಾವ ಪಟ್ಟಿಯಲ್ಲೂ ಮೊದಲ ನೂರರೊಳಗೆ ಬಾರದ ನನಗೆ ಅದನ್ನು ಕಂಡಾಗಲೆಲ್ಲ ಹೆಮ್ಮೆ ಉಕ್ಕುತ್ತದೆ. ಆ ಹೆಮ್ಮೆಯಲ್ಲಿ ನನ್ನ ಸಂಪಾದನೆ ಕಿಂಚಿತ್ತೂ ಇಲ್ಲವೆಂಬುದು ಬೇರೆ ಮಾತು.

ಕೊಟ್ಟವನು ಯಲ್ದೂರಿನ ಮುನಿರಾಜು, ನನ್ನ ಹಳೆಯ ವಿದ್ಯಾರ್ಥಿ. ಇಂಥ ದುಬಾರಿ ಗಡಿಯಾರಗಳನ್ನು ಕೈಯಿಂದಲೇ ಜೋಡಿಸುವ ಸಣ್ಣ ಕಾರ್ಯಾಗಾರವೊಂದರಲ್ಲಿ ಅವನಿಗೆ ಕೆಲಸ. ಅಕ್ಕಿಕಾಳಿನಷ್ಟಿರುವ ಲೋಹದ ತುಣುಕುಗಳ ಅಂಚನ್ನು ಮರದ ಕಡ್ಡಿಯಿಂದ ಉಜ್ಜಿ ಉಜ್ಜಿ ಹೊಳಪೇರಿಸಬೇಕು. ಮುಚ್ಚಳದೊಳಗೆ ಅಡಗಿಹೋಗುವ ಅಂಚಿಗೂ ಅದೇ ಉಪಚಾರ. ಕಾಣದ್ದಕ್ಕೇಕೋ ಇಷ್ಟು ಶೃಂಗಾರ ಎಂದು ಕೇಳಿದ್ದಕ್ಕೆ, "ಬಿಚ್ಚಿದೋರಿಗೆ ಕಾಣ್ತದಲ್ಲ ಸಾರ್" ಎಂದಿದ್ದ.

ಇದೇ ಮುನಿರಾಜು, ನಾನು ಷಟ್ಪದಿಯ ಲಕ್ಷಣವನ್ನು ವಿವರಿಸುತ್ತ ಮೈಮರೆತಿದ್ದಾಗ, ಕೈವಾರದ ಮೊನೆಯಿಂದ ಬೆಂಚಿಗೆ ತೂತು ಕೊರೆಯುತ್ತಿದ್ದವನು. "ನಿನ್ ಕೈ ಒಂದ್ ಗಳಿಗೆ ಸುಮ್ನಿರಲ್ವೇನ್ಲಾ?" ಎಂದು ಗದರಿ, ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಬಾರಿಸಿದ್ದೆ. ರಕ್ತ ಬಂದಿತ್ತು. ಇಷ್ಟು ವರ್ಷಗಳ ಮೇಲೆ ಅವನು ಬಂದು ಗಡಿಯಾರವನ್ನು ನನಗೆ ಕಟ್ಟುವಾಗ ಆ ಗಾಯದ ಕಲೆ ನನ್ನ ಕಣ್ಣೆದುರಿಗೇ ಇತ್ತು. ಕ್ಷಮೆ ಕೇಳಲೆಂದು ಬಾಯಿ ತೆರೆದೆ; ಬಂದ ಮಾತು, ಕಾಫಿ ಕುಡೀತೀಯೇನೋ ಎಂಬುದು.

ಈಗ ಅವನು ಭಾನುವಾರ ಬರುತ್ತೇನೆಂದು ಫೋನು ಮಾಡಿದ್ದ. ನಿಂತ ಗಡಿಯಾರವನ್ನು ತೋರಿಸುವುದೆಂದರೆ ಆ ಕೈಗೆ ಎರಡನೆಯ ಸಲ ಹೊಡೆದ ಹಾಗೆ. ನೀವೇ ಹೇಳಿ, ಯಾವ ಮುಖ ಹೊತ್ತು ಎದುರಿಗೆ ನಿಲ್ಲಲಿ?

ಬಸ್ ನಿಲ್ದಾಣದ ಬಳಿಯ ವಾಚು ರಿಪೇರಿಯ ವೆಂಕಟರಮಣಪ್ಪನಲ್ಲಿಗೆ ಓಡಿದೆ. ಆತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮುಚ್ಚಳ ಬಿಚ್ಚಿ, ಗಡಿಯಾರವನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ. ಕೊನೆಗೆ, "ಬಾಗುಂದಿ ಸಾರ್! ಏನ್ ಚೆಂದಾಗಿ ಉಜ್ಜವ್ರೆ" ಎಂದು ತೆಲುಗು ಕನ್ನಡ ಎರಡರಲ್ಲೂ ಹೊಗಳಿ, ಒಳಗಿನ ಅರ್ಧಚಂದ್ರಾಕೃತಿಯ ಲೋಹದ ತುಂಡನ್ನು ತೋರಿಸಿದ. ಕೈ ಆಡಿದಂತೆಲ್ಲ ಅದು ತಿರುಗುತ್ತದೆ, ಅದು ತಿರುಗಿದರೆ ಸ್ಪ್ರಿಂಗು ಸುತ್ತಿಕೊಂಡು ಗಡಿಯಾರ ನಡೆಯುತ್ತದೆ. "ವಾಚು ಸರಿಯಾಗೈತೆ ಸಾರ್. ನಿಮ್ ಕೈಯೇ ಆಡ್ತಿಲ್ಲ."

ಆರಾಮಕುರ್ಚಿಯಲ್ಲಿ ನಾನು ಗಳಿಸಿರುವ ಪ್ರಾವೀಣ್ಯಕ್ಕೆ ಇದಕ್ಕಿಂತ ಅಧಿಕೃತವಾದ ಪ್ರಮಾಣಪತ್ರ ಸಿಗಲಾರದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದ ಹಿರಿಯರು ಗಡಿಯಾರದ ವಿಚಾರವನ್ನು ಹೇಳದೆ ಬಿಟ್ಟಿದ್ದರು.

ಆ ಕೊರತೆಯನ್ನು ನನ್ನ ಹೆಂಡತಿ ಸರೋಜ ತುಂಬಿದಳು. ಅವರೆಕಾಯಿಯ ಕಾಲದಲ್ಲಿ ನಮ್ಮ ಸೀಮೆಯ ಮನೆಮಂದಿಯೆಲ್ಲ ಸುತ್ತ ಕೂತು ನೆನೆದ ಕಾಳಿನ ಸಿಪ್ಪೆ ಹಿದುಕುತ್ತಾರೆ. ನಾನೊಬ್ಬ ಮಾತ್ರ ಪತ್ರಿಕೆಯನ್ನು ಗುರಾಣಿಯಂತೆ ಹಿಡಿದು ತಪ್ಪಿಸಿಕೊಂಡು ಬಂದವನು. ಅವಳು ಗಡಿಯಾರವನ್ನು ನನ್ನ ಬಲಗೈಗೆ ಕಟ್ಟಿ, ಬೋಗುಣಿಯನ್ನು ಮುಂದಿಟ್ಟು, "ಹಿದುಕಿ, ಕೈ ತಾನಾಗೇ ಆಡ್ತದೆ" ಎಂದಳು. ಮೊದಲ ಹತ್ತಾರು ಕಾಳುಗಳು ಪಾತ್ರೆಯನ್ನು ಬಿಟ್ಟು ಗೋಡೆಯ ಕಡೆಗೆ ಹಾರಿದವು. ಶುಕ್ರವಾರ ಗಡಿಯಾರ ನಿಲ್ಲಲಿಲ್ಲ. ಶನಿವಾರವೂ ನಿಲ್ಲಲಿಲ್ಲ.

ಭಾನುವಾರ ಮುನಿರಾಜು ಬಂದಾಗ ನಾನು ಬೋಗುಣಿಯ ಮುಂದೆಯೇ ಇದ್ದೆ. ಅವನೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಮಣಿಕಟ್ಟಿಗೆ ಕಿವಿಯಿಟ್ಟು ಆಲಿಸಿದ. "ಓಡ್ತಾ ಐತೆ ಸಾರ್" ಎಂದವನ ಮುಖ ಅರಳಿತು. ನಾನು ಅವನ ಕೈ ಹಿಡಿದುಕೊಂಡೆ. ಕಲೆ ನನ್ನ ಹೆಬ್ಬೆರಳಿಗೆ ತಾಗಿತು.

"ಅವತ್ತು ಹೊಡೀಬಾರ್ದಿತ್ತು ಕಣೋ. ನಂದು ತಪ್ಪಾಯ್ತು."

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು, ಒಂದು ಹಿಡಿ ಅವರೆಕಾಳನ್ನು ನನ್ನ ಬೊಗಸೆಗೆ ಹಾಕಿದ.

"ಕೈ ಸುಮ್ನೆ ಇಟ್ಕೋಬೇಡಿ ಸಾರ್, ವಾಚು ನಿಂತೋಗ್ತದೆ."