ವೆಲ್ಷ್‌ಪೂಲಿನಲ್ಲಿ ಕಲಿತು ಬಿಟ್ಟ ಐರಿಷ್

ಆಸ್ಟ್ರೇಲಿಯಾದ ಪರ್ತ್‌ನ ವೆಲ್ಷ್‌ಪೂಲಿನಲ್ಲಿ, ಗಣಿಗಳಿಗೆ ಕನ್ವೇಯರ್ ಬೆಲ್ಟಿನ ರೋಲರ್ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ನಾನು ಡಿಸೈನ್ ಎಂಜಿನಿಯರ್ ಆಗಿದ್ದೆ. ಮೈಸೂರಿನಿಂದ ಬಂದು ಒಂದು ವರ್ಷವಾಗಿತ್ತು. ಮಧ್ಯಾಹ್ನ ಊಟದ ಕೋಣೆಯ ಮೂಲೆಯಲ್ಲಿ ಕೂತು ಅಮ್ಮನಿಗೆ ಫೋನ್ ಮಾಡುವುದು ನನ್ನ ಅಭ್ಯಾಸ. ಒಂದು ದಿನ ಫೋನ್ ಇಟ್ಟ ಮೇಲೆ ಎದುರಿನ ಮೇಜಿನಿಂದ ಸ್ಟೋರ್ಸ್‌ನ ಹಿರಿಯರೊಬ್ಬರು, "ಯಾವ ಭಾಷೆ ಅದು?" ಎಂದು ಕೇಳಿದರು. ಅರವತ್ತು ದಾಟಿದ ಐರಿಷ್ ಮನುಷ್ಯ. ನಾನು ಎಂದಿನಂತೆ, "ಇಂಡಿಯನ್ ಭಾಷೆ" ಎಂದೆ.

"ಇಂಡಿಯಾದಲ್ಲಿ ಒಂದೇ ಭಾಷೆಯಾ? ಹೆಸರಿಲ್ವಾ ಅದಕ್ಕೆ?"

ನಾಚಿಕೆಯಾಯಿತು. ಕನ್ನಡ ಎಂದೆ. ಹಸಿವಾಗಿದೆ ಅನ್ನುವುದನ್ನು ಹೇಗೆ ಹೇಳುತ್ತೀರಿ ಎಂದರು. 'ನನಗೆ ಹಸಿವಾಗಿದೆ' ಎಂದು ಹೇಳಿ, ಇಂಗ್ಲಿಷಿನ ಹಾಗೆ ನಾನು ಹಸಿದಿದ್ದೇನೆ ಅನ್ನುವುದಕ್ಕಿಂತ ಹಸಿವು ನನಗೆ ಆಗಿದೆ ಅನ್ನುವುದೇ ನಮ್ಮ ರೂಢಿ ಎಂದು ಬಿಡಿಸಿ ಹೇಳಿದೆ. ಅವರು ಮೇಜು ತಟ್ಟಿದರು. "ನಮ್ಮಲ್ಲೂ ಹಾಗೇ! ಹಸಿವು ನನ್ನ ಮೇಲಿದೆ ಅಂತೀವಿ. ತಾ ಓಕ್ರಸ್ ಓರಮ್."

ಐರಿಷ್ ಅಂದರೆ ಇಂಗ್ಲಿಷನ್ನೇ ಬೇರೆ ಎಳೆತದಲ್ಲಿ ಆಡುವುದು ಎಂದುಕೊಂಡಿದ್ದೆ. ಅದೊಂದು ಬೇರೆಯೇ ಭಾಷೆ ಎಂದು ತಿಳಿದದ್ದು ಆವತ್ತು. ಅವರು ಐರ್ಲೆಂಡಿನ ಪಶ್ಚಿಮ ಕಡಲತೀರದ ಮೀನುಗಾರರ ಮನೆಯವರು. ಶಾಲೆಗೆ ಹೋಗುವ ತನಕ ಅವರಿಗೆ ಇಂಗ್ಲಿಷೇ ಬರುತ್ತಿರಲಿಲ್ಲವಂತೆ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ, ಅಂಕಲ್ ಎಂದೆ. ಅವರು ಬೇಡ ಎನ್ನಲಿಲ್ಲ.

ಗುರುವಾರ ಸಂಜೆ ಒಂದು ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಅವರ ಐರಿಷ್ ಭಾಷಾ ಸಂಘ ಸೇರುತ್ತಿತ್ತು. ನನ್ನನ್ನೂ ಕರೆದರು. ಆ ಊರಿನಲ್ಲಿ ನನಗೆ ಬೇರೆ ಸ್ನೇಹಿತರಿರಲಿಲ್ಲ, ಹೋದೆ. ಹೊರಡುವಾಗ ನನ್ನ ಗಂಡ ಬಾಗಿಲಲ್ಲಿ ನಿಂತು ನಕ್ಕ.

"ಮಗಳಿಗೆ ಕನ್ನಡ ಕಲಿಸೋಕೆ ನಿಂಗೆ ಟೈಮಿಲ್ಲ, ಐರಿಷ್ ಕಲಿಯೋಕ್ ಹೋಗ್ತಿದ್ದೀಯಾ?"

"ಇಲ್ಲಿ ಕನ್ನಡ ಕ್ಲಾಸ್ ಎಲ್ಲಿದೆ ಹೇಳಿ, ಕರ್ಕೊಂಡ್ ಹೋಗ್ತೀನಿ" ಎಂದೆ.

"ಅದೇ ನಾನೂ ಹೇಳ್ತಿರೋದು."

ಸಂಘ ಅಂದರೆ ಹತ್ತು ಹನ್ನೆರಡು ಜನ. ಅಜ್ಜಿಯ ಭಾಷೆ ಎಂದು ಕಲಿಯಲು ಬಂದ ನರ್ಸ್, ಒಬ್ಬ ಬಸ್ ಡ್ರೈವರ್, ನಿವೃತ್ತ ಶಾಲಾ ಟೀಚರ್ ಒಬ್ಬರು. ಪಾಠ ಮಾಡುತ್ತಿದ್ದವರು ಈ ಟೀಚರೇ. ತೊಟ್ಟಿಲಿನಿಂದ ಐರಿಷ್ ಕೇಳಿ ಬೆಳೆದವರು ಅಂಕಲ್ ಒಬ್ಬರೇ. ಒಂದು ಕೆಟಲ್, ಒಂದು ಡಬ್ಬ ಬಿಸ್ಕತ್ತು, ಎರಡು ಪೆಟ್ಟಿಗೆ ಹಳೆಯ ಪುಸ್ತಕಗಳು. ಚಹಾ ಹೊತ್ತಿನಲ್ಲಿ ಇಂಗ್ಲಿಷ್ ಆಡುವಂತಿಲ್ಲ ಎಂಬುದು ನಿಯಮ. ಹಾಗಾಗಿ ಹೊಸಬರು ಆ ಹತ್ತು ನಿಮಿಷ ಬರೀ ಬಿಸ್ಕತ್ತು ತಿನ್ನುತ್ತಿದ್ದೆವು. 'ಹೇಗಿದ್ದೀಯ' ಅನ್ನುವುದಕ್ಕೆ ಅವರ ಮಾತು 'ಕನಸ್ ಅತಾ ತೂ'. ನಮ್ಮಲ್ಲಿ ಕನಸು ಅಂದರೆ ನಿದ್ದೆಯಲ್ಲಿ ಕಾಣುವುದು ಎಂದಾಗ ಅಂಕಲ್ ಎರಡು ಸಲ ಹೇಳಿಸಿಕೊಂಡು ಸಂತೋಷಪಟ್ಟರು. ಒಂದೂವರೆ ವರ್ಷ ಬಿಡದೆ ಹೋದೆ. ತಡವರಿಸುತ್ತಲೇ ಆದರೂ ಹವಾಮಾನ, ಅಡುಗೆ, ಮಗಳು, ಮೈಕೈ ನೋವು ಎಲ್ಲವನ್ನೂ ಅವರ ಜೊತೆ ಐರಿಷಿನಲ್ಲಿ ಮಾತಾಡುವಷ್ಟಾಯಿತು. ಆ ಗುರುವಾರಗಳಲ್ಲಿ ನಾನು ಇದ್ದಷ್ಟು ಹಗುರಾಗಿ ಆ ದೇಶದಲ್ಲಿ ಮತ್ತೆಂದೂ ಇರಲಿಲ್ಲ.

ಒಂದು ಸಂಜೆ ಕುರ್ಚಿಗಳನ್ನು ಮಡಚಿಡುತ್ತಾ ಅವರು, "ನಿನ್ನ ಮಗಳು ಕನ್ನಡ ಮಾತಾಡ್ತಾಳಾ?" ಎಂದು ಕೇಳಿದರು.

"ಅರ್ಥ ಆಗುತ್ತೆ" ಎಂದೆ.

"ನನ್ನ ಮಗಳಿಗೂ ಅರ್ಥ ಆಗ್ತಿತ್ತು, ಐದು ವರ್ಷದ ತನಕ. ಶಾಲೆಯಲ್ಲಿ ಯಾರೋ ನಕ್ಕರಂತೆ, ಅತ್ಕೊಂಡು ಬಂದ್ಲು. ಅವತ್ತಿನಿಂದ ಮನೆಯಲ್ಲಿ ಐರಿಷ್ ಆಡೋದು ನಿಲ್ಲಿಸಿಬಿಟ್ಟೆ. ಅವಳಿಗೆ ಒಳ್ಳೇದು ಮಾಡ್ತಿದೀನಿ ಅಂತಲೇ ಅಂದ್ಕೊಂಡಿದ್ದೆ." ಕೊನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿ, "ಈಗ ಅಡಿಲೇಡಲ್ಲಿದ್ದಾಳೆ. ಒಳ್ಳೇ ಹುಡುಗಿ. ನನ್ನ ಜೊತೆ ಇಂಗ್ಲಿಷಲ್ಲಿ ಮಾತಾಡ್ತಾಳೆ" ಎಂದರು.

ಗಣಿಗಳ ಕೆಲಸ ಇಳಿಮುಖವಾದಾಗ ನಮ್ಮ ಕಾರ್ಖಾನೆ ಜನರನ್ನು ಕಡಿಮೆ ಮಾಡಿತು. ಅವರು ನಿವೃತ್ತರಾದರು, ನನ್ನ ಕೆಲಸ ಹೋಯಿತು. ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಅಂಕಲ್ ಒಂದು ಹಾಳೆಯಲ್ಲಿ ಬ್ರಿಸ್ಬೇನ್ ಮತ್ತು ಅಡಿಲೇಡಿನ ಸಂಘಗಳ ಫೋನ್ ನಂಬರುಗಳನ್ನು ಬರೆದುಕೊಟ್ಟರು. "ಎಲ್ಲಿಗೆ ಹೋದರೂ ನಮ್ಮವರು ಇರ್ತಾರೆ" ಎಂದರು. ನಮ್ಮವರು ಎಂಬ ಮಾತಿನೊಳಗೆ ನನ್ನನ್ನೂ ಸೇರಿಸಿಕೊಂಡಿದ್ದರು.

ಬ್ರಿಸ್ಬೇನ್‌ನ ಸಂಘಕ್ಕೆ ನಾನು ಹೋದದ್ದು ಎರಡೇ ಸಲ. ಜನ ಒಳ್ಳೆಯವರೇ. ನಮ್ಮ ಮನೆ ಸನ್ನಿಬ್ಯಾಂಕಿನಲ್ಲಿತ್ತು, ತರಗತಿ ಊರಿನ ಆ ತುದಿಯಲ್ಲಿ. ಮಗಳ ಈಜು, ಭರತನಾಟ್ಯ, ನನ್ನ ಹೊಸ ಕೆಲಸ. ಈ ಕಾರಣಗಳನ್ನು ಆಗಲೂ ಹೇಳಿಕೊಳ್ಳುತ್ತಿದ್ದೆ, ಈಗಲೂ ಹೇಳಬಲ್ಲೆ. ಅಂಕಲ್ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಮೊದಮೊದಲು ಐರಿಷಿನಲ್ಲೇ ಮಾತಾಡಿದೆ. ಆಮೇಲೆ ಎರಡು ಮಾತಾಡಿ ಇಂಗ್ಲಿಷಿಗೆ ಜಾರುತ್ತಿದ್ದೆ. ಆಮೇಲೆ, ಪದಗಳು ಬಾರದೆ ಪೇಚಾಡುವುದು ಬೇಡವೆಂದು, ಫೋನ್ ತಾನೇ ಬಡಿದುಕೊಂಡು ನಿಲ್ಲಲಿ ಎಂದು ಬಿಡತೊಡಗಿದೆ. ಅವರು ಸಂದೇಶ ಬಿಡುತ್ತಿದ್ದರು: ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ, ಒಂದೊಂದೇ ಪದ. ಪೂರ್ತಿ ಕೇಳದೆ ಅಳಿಸುತ್ತಿದ್ದೆ. ಕೊನೆಗೆ ಫೋನ್ ನಿಂತಿತು. ನಿಂತದ್ದು ಯಾವಾಗ ಎಂದು ಕೂಡ ನನಗೆ ಗೊತ್ತಾಗಲಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಜನವರಿ ಸಂಜೆ ಅಪರಿಚಿತ ಹೆಂಗಸೊಬ್ಬಳ ಫೋನ್ ಬಂತು. ಅಂಕಲ್ ಮಗಳು. ಅಪ್ಪ ಅಡಿಲೇಡಿನಲ್ಲಿ ತನ್ನ ಜೊತೆಗಿದ್ದರು, ಪಾರ್ಶ್ವವಾಯು ಹೊಡೆಯಿತು, ಈಗ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ ಎಂದಳು. "ಇಂಗ್ಲಿಷ್ ಪೂರ್ತಿ ಹೋಗ್ಬಿಟ್ಟಿದೆ. ಐರಿಷ್ ಮಾತ್ರ ಆಡ್ತಾರೆ. ನಂಗೆ ಒಂದಕ್ಷರ ಗೊತ್ತಾಗಲ್ಲ. ಅವರ ಫೋನಲ್ಲಿ 'ಕನಸು' ಅಂತ ಒಂದು ನಂಬರ್ ಇತ್ತು. ನೀವೇ ತಾನೇ? ಇಂಡಿಯಾದ ಹುಡುಗಿ ಒಬ್ಬಳು ಚೆನ್ನಾಗಿ ಐರಿಷ್ ಕಲಿತಿದ್ದಾಳೆ ಅಂತ ಯಾವಾಗ್ಲೂ ಹೇಳ್ತಿದ್ರು."

ಆ ಕ್ಷಣದಲ್ಲಿ ನಾನು ಹೇಳಬೇಕಾದ್ದು ಒಂದೇ ಮಾತು: ನನಗೆ ಮರೆತುಹೋಗಿದೆ, ಅಡಿಲೇಡಿನಲ್ಲೇ ಸಂಘವಿದೆ, ಈ ನಂಬರಿಗೆ ಮಾಡಿ. ಆ ಹಾಳೆ ಡ್ರಾಯರಿನಲ್ಲೇ ಇತ್ತು. ಆದರೆ ಚೆನ್ನಾಗಿ ಕಲಿತಿದ್ದಾಳೆ ಎಂದು ಅವರು ಹೇಳಿದ್ದರಂತೆ ಎಂಬುದು ತಲೆಗೆ ಏರಿತ್ತು. "ನಾನೇ ಬರ್ತೀನಿ" ಎಂದೆ. ರಜೆ ಸಿಕ್ಕಿ ಹೋಗುವಷ್ಟರಲ್ಲಿ ಮೂರು ವಾರ ಹಿಡಿಯಿತು.

ಅಂಕಲ್ ಮಗಳ ಮನೆ ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿ. ಅವಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಹೊರಗೆ ನಲವತ್ತೆರಡು ಡಿಗ್ರಿ. ಟಾರ್ ರಸ್ತೆ ಕಣ್ಣಿಗೆ ಕುಕ್ಕುತ್ತಿತ್ತು. ಆರೈಕೆ ಮನೆಯ ಒಳಗೆ ಎಸಿ ಜೋರಾಗಿತ್ತು. ಅಬ್ಬಾ ಎನ್ನಿಸಿತು. ಅಂಕಲ್ ತೆಳುವಾದ ಹತ್ತಿ ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ಗುರುತಿಸಿದರೋ ಇಲ್ಲವೋ, ನಾನು "ಕನಸ್ ಅತಾ ತೂ" ಎಂದದ್ದೇ ತಡ ಮುಖ ಬೆಳಗಿತು. ಮಾತು ಶುರುವಾಯಿತು. ಸಂದೇಶಗಳಲ್ಲಿ ಇರುತ್ತಿದ್ದ ನಿಧಾನ ಈಗ ಇರಲಿಲ್ಲ. ಒಂದರ ಮೇಲೊಂದು, ತಡೆಯಿಲ್ಲದೆ. ಅದರಲ್ಲಿ 'ಮನೆ' ಎಂಬ ಪದ ಸಿಕ್ಕಿತು, 'ಅಮ್ಮ' ಸಿಕ್ಕಿತು. ಮಿಕ್ಕದ್ದೆಲ್ಲ ಕೈಗೆ ಸಿಗದೆ ಜಾರಿತು. ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳಲು ಇಂಗ್ಲಿಷಿನ ಕೆಟ್ಟ ಬೈಗುಳದ ಹಾಗೆಯೇ ಇತ್ತು.

ಬಟ್ಟೆ ತೆಗೆದುಕೊಂಡು ಹೋಗಲು ಬಂದ ನರ್ಸ್, "ಮತ್ತೆ ಶುರು ಮಾಡಿದ್ರಾ? ಇಡೀ ದಿನ ನಮ್ಮನ್ನ ಬೈತಾನೇ ಇರ್ತಾರೆ" ಎಂದು ನಗುತ್ತಲೇ ಹೇಳಿದಳು. ಮಗಳ ಮುಖ ಕೆಂಪಾಯಿತು. "ಅಪ್ಪ ಯಾವತ್ತೂ ಹೀಗೆ ಬೈದವರಲ್ಲ" ಎಂದು ನನ್ನ ಕಡೆ ತಿರುಗಿದಳು. "ಏನು ಹೇಳ್ತಿದ್ದಾರೆ?"

ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ವಿಮಾನ ಹತ್ತಿ ಬಂದಿದ್ದೆ. "ಊರನ್ನ ನೆನೆಸಿಕೊಳ್ತಿದ್ದಾರೆ" ಎಂದೆ. "ಅಮ್ಮನ್ನ, ಮನೇನ."

ಅವಳು ಅಲ್ಲೇ ಅಪ್ಪನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಅವರು ಅವಳ ತಲೆಯ ಮೇಲಿಂದ ನನ್ನನ್ನೇ ನೋಡುತ್ತಾ ಮತ್ತೆ ಅದೇ ಮಾತು ಹೇಳಿದರು. ನಾನು ತಲೆಯಾಡಿಸಿದೆ, ಮುಗುಳ್ನಕ್ಕೆ. ಅವರು ಹೇಳುವುದನ್ನು ನಿಲ್ಲಿಸಿದರು.

ಬ್ರಿಸ್ಬೇನ್‌ಗೆ ವಾಪಸು ಬಂದ ಮೇಲೂ ಹತ್ತು ದಿನ ಸುಮ್ಮನಿದ್ದೆ. ಸಂಘದವರಿಗೆ ಹೇಳಿದರೆ ನನ್ನ ಬಂಡವಾಳ ಬಯಲಾಗುತ್ತದೆ ಎಂಬ ಅಳುಕು. ಆದರೆ ಅಂಕಲ್ ಮಾತು ನಿಲ್ಲಿಸಿ ನೋಡಿದ ನೋಟ ಬಿಡಲಿಲ್ಲ. ಕೊನೆಗೆ ಹಾಳೆ ತೆಗೆದು ಅಡಿಲೇಡಿನ ನಂಬರಿಗೆ ಮಾಡಿದೆ. ಫೋನ್ ಎತ್ತಿದವರು ಸಂಘದಲ್ಲಿ ಪಾಠ ಹೇಳುವ ಒಬ್ಬ ಹೆಂಗಸು. ಮಾತು ಮುಗಿಯುವ ಮೊದಲೇ, "ನಾಳೇನೇ ಹೋಗ್ತೀನಿ" ಎಂದರು.

ಮರುದಿನ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು.

"ಹೋಗಿ ಬಂದೆ. ಅವರಿಗೆ ಚಳಿ."

"ಏನಂದ್ರಿ?"

"ಚಳಿ ಕಣಮ್ಮ. ತಾ ಫೂಅಖ್ತ್ ಓರಮ್. ಚಳಿ ನನ್ನ ಮೇಲಿದೆ ಅಂತಿದ್ರು, ಪಾಪ. ಎಸಿ ಗಾಳಿ ನೇರವಾಗಿ ಅವರ ಮೇಲೇ ಬೀಳ್ತಿತ್ತು. ಕುರ್ಚಿ ಸರಿಸಿದ್ವಿ, ಒಂದು ಸ್ವೆಟರ್ ಹಾಕಿದ್ವಿ. ಮಲಗಿದ್ದಾರೆ ಈಗ."

ನನಗೆ ಆ ಪದ ಗೊತ್ತಿತ್ತು. ಮೊದಲ ತಿಂಗಳ ಪಾಠ ಅದು. ಹೊಸಬರೆಲ್ಲ ಅದನ್ನು ಹೇಳಲು ಹೋಗಿ ಮುಸಿಮುಸಿ ನಕ್ಕಿದ್ದೆವು. ಅಂಕಲ್ ನಮ್ಮ ನಗು ಮುಗಿಯುವ ತನಕ ಕಾದು, "ಈಗ ಸರಿಯಾಗಿ ಹೇಳಿ" ಎಂದಿದ್ದರು.

ಅದೇ ಸಂಜೆ ಅವರ ಮಗಳಿಗೆ ಫೋನ್ ಮಾಡಿ ನಿಜ ಹೇಳಿದೆ. ನನಗೆ ಅರ್ಥವಾಗಿರಲಿಲ್ಲ, ಊರು ನೆನೆಸಿಕೊಳ್ಳುತ್ತಿದ್ದಾರೆ ಎಂದದ್ದು ಊಹೆ ಎಂದೆ. ಊಹೆ ಎಂಬುದೂ ಸುಳ್ಳೆನಿಸಿ, "ಸುಳ್ಳು ಹೇಳಿದೆ" ಎಂದು ತಿದ್ದಿದೆ.

"ನೀವು ಬಂದು ಹೋದ ಮೇಲೂ ಹತ್ತು ದಿನ" ಎಂದಳು. "ಅಪ್ಪ ಹತ್ತು ದಿನ ಚಳಿಯಲ್ಲಿ ಕೂತಿದ್ರು. ನಾನು ಪಕ್ಕದಲ್ಲೇ ಇದ್ದೆ." ಬೈದಿದ್ದರೆ ಚೆನ್ನಾಗಿತ್ತು. ಅವಳು ತನ್ನನ್ನೂ ಅದರಲ್ಲಿ ಸೇರಿಸಿಕೊಂಡದ್ದು ನನಗೆ ಹೆಚ್ಚು ಕಷ್ಟವಾಯಿತು.

ಸಂಘದವರು ಸರದಿ ಹಾಕಿಕೊಂಡು ವಾರಕ್ಕೆ ಎರಡು ಬಾರಿ ಹೋದರು. ನೀರು, ನೋವು, ಚಳಿ, ಶೌಚ, ದೀಪ ಆರಿಸಿ ಎಂಬಂಥ ಇಪ್ಪತ್ತು ಮಾತುಗಳನ್ನು ಉಚ್ಚಾರದ ಸಮೇತ ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸಿದರು. ನಗುತ್ತಿದ್ದ ಆ ನರ್ಸೇ ಎಲ್ಲರಿಗಿಂತ ಮುಂಚೆ ಅದನ್ನು ಬಾಯಿಪಾಠ ಮಾಡಿದಳಂತೆ. ಅಂಕಲ್ ಮಗಳು ಸಂಘದ ತರಗತಿಗೆ ಸೇರಿದಳು. ಈ ಸುದ್ದಿಗಳೆಲ್ಲ ನನಗೆ ಪಾಠ ಹೇಳುವ ಹೆಂಗಸಿನಿಂದ ಬರುತ್ತಿದ್ದವು. ನಾನು ಇನ್ನೊಮ್ಮೆ ಹೋಗಬೇಕೆಂದು ಈಸ್ಟರ್ ರಜೆಗೆ ಟಿಕೆಟ್ ನೋಡಿಟ್ಟೆ. ನನ್ನ ಮಗಳಿಗೆ ಜ್ವರ ಬಂತು, ಮುಂದೂಡಿದೆ. ಆಮೇಲೆ ಜೂನ್ ತಿಂಗಳಲ್ಲಿ ಅಂಕಲ್ ತೀರಿಕೊಂಡರು.

ಅಂತ್ಯಸಂಸ್ಕಾರಕ್ಕೆ ಹೋದೆ. ಪರ್ತ್‌ನಿಂದ ನಿವೃತ್ತ ಟೀಚರ್ ಕೂಡ ಬಂದಿದ್ದರು. ಪ್ರಾರ್ಥನೆಗಳನ್ನು ಸಂಘದವರು ಐರಿಷಿನಲ್ಲಿ ಹೇಳಿದರು; ಒಂದನ್ನು ಅವರ ಮಗಳು ಓದಿದಳು, ಹಾಳೆ ನೋಡಿಕೊಂಡು, ಬೆರಳಿಟ್ಟು, ಒಂದು ಸಾಲು ತಪ್ಪಿ ಮತ್ತೆ ಹಿಂದಕ್ಕೆ ಹೋಗಿ. ಆಮೇಲೆ ಹೊರಗೆ ನನ್ನ ಬಳಿ ಬಂದು ನಿಂತಳು.

"ಕೊನೆಯ ವಾರ ಅವರು ಹೇಳಿದ್ದರಲ್ಲಿ ನಂಗೆ ಅರ್ಧದಷ್ಟು ಅರ್ಥ ಆಯ್ತು" ಎಂದಳು. "ಇನ್ನರ್ಧ ಹಾಗೇ ಹೋಯ್ತು."

ನಾನು ಅವಳ ಕೈ ಹಿಡಿದುಕೊಂಡೆ.